ಬರಿಗೈಯವಳ ಶನಿವಾರ

ಶನಿವಾರ ಹತ್ತಿರ ಬಂತೆಂದರೆ ನನ್ನ ಮೊಣಕಾಲು ತಾನಾಗಿಯೇ ನೋಯತೊಡಗುತ್ತದೆ. ಶುಕ್ರವಾರ ಸಂಜೆ ಪಟ್ಟಣದವರ ಜೀಪುಗಳು ನಮ್ಮೂರ ಅಗಸಿ ಬಾಗಿಲ ಮುಂದೆ ಬಂದು ನಿಲ್ಲುತ್ತವೆ. ಜೀಪಿನ ತಲೆಯ ಮೇಲೆ ಕಟ್ಟಿದ ಸಾಮಾನು ನೋಡಿದರೆ ಸಾಕು, ನಾಳೆ ಎಂಥವರನ್ನು ಹಗ್ಗಕ್ಕೆ ಕಟ್ಟಿಕೊಂಡು ಕೊಳ್ಳಕ್ಕೆ ಇಳಿಯಬೇಕು ಎನ್ನುವುದು ನನಗೆ ತಿಳಿದುಬಿಡುತ್ತದೆ. ಸಾಮಾನು ಕಡಿಮೆ ಇದ್ದವರು ಮಾತು ಕೇಳುತ್ತಾರೆ. ಸಾಮಾನು ಹೆಚ್ಚಿದ್ದವರು ಮಾತು ಆಡುತ್ತಾರೆ. ಬರುವವರಲ್ಲಿ ಹೆಚ್ಚಿನವರು ಎರಡನೆಯ ಜಾತಿಯವರೇ, ಏನು ಮಾಡುವುದು.

ನಮ್ಮೂರ ಬೆನ್ನಿಗೆ ಒಂದು ಕೊಳ್ಳವಿದೆ. ಅದರ ತಳದಲ್ಲಿ ಹರಿಯುವ ಹಳ್ಳದ ಮರಳಿನಲ್ಲಿ ಬಂಗಾರ ಸಿಗುತ್ತದೆ. ಹೊಟ್ಟೆ ತುಂಬುವಷ್ಟು ಸಿಗುವುದಿಲ್ಲ, ಹುಚ್ಚು ಹಿಡಿಸುವಷ್ಟು ಸಿಗುತ್ತದೆ. ಕೊಳ್ಳದ ಮೇಲ್ಬಾಯಿಯಲ್ಲಿ ಒಂದು ಎಲ್ಲೆಕಲ್ಲು ನಿಂತಿದೆ. ಆ ಕಲ್ಲು ದಾಟಿ ಒಳಗೆ ಹೋದ ಮೇಲೆ ಮೈಮೇಲೆ ಬಂಗಾರದ ಒಂದು ಕಣ ಇದ್ದರೂ ಮನೆಯ ದಾರಿ ಮರೆತುಹೋಗುತ್ತದೆ. ಹೆಸರು ಮರೆಯುವುದಿಲ್ಲ, ಹೆಂಡತಿ ಮಕ್ಕಳು ಮರೆಯುವುದಿಲ್ಲ, ಮಾಡಿದ ಜಗಳವೂ ಮರೆಯುವುದಿಲ್ಲ. ದಾರಿ ಮಾತ್ರ ಇರುವುದಿಲ್ಲ. ಎದುರಿಗೇ ಮೆಟ್ಟಿಲಿದ್ದರೂ ಅದು ಬರೀ ಬಂಡೆಯಾಗಿ ಕಾಣುತ್ತದೆ. ಯಾರಾದರೂ ಕೈತೋರಿಸಿ ಹೇಳಿದರೆ ತಲೆಯಾಡಿಸಿ ಅಲ್ಲೇ ನಿಂತಿರುತ್ತಾರೆ. ಕಲ್ಲು ದಾಟಿ ಈಚೆ ಬಂದರೆ ಎಲ್ಲ ಮೊದಲಿನಂತೆಯೇ. ಹೀಗೇಕೆ ಎಂದು ಕೇಳುವವರು ಹೊರಗಿನವರು. ನಮಗೆ ಕೇಳಲು ಪುರುಸೊತ್ತಿಲ್ಲ.

ಅದಕ್ಕೇ ನಮ್ಮೂರಲ್ಲಿ ಬರಿಗೈಯವರು ಎಂದು ಕೆಲವು ಮನೆತನಗಳಿವೆ. ಬಂದವರನ್ನು ಒಳಗೆ ಕರೆದುಕೊಂಡು ಹೋಗುವುದು, ಅವರು ಬಂಗಾರ ಜಾಲಿಸುವಾಗ ಕೈಕಟ್ಟಿ ಕುಳಿತಿರುವುದು, ಸಂಜೆಗೆ ಹಗ್ಗ ಕಟ್ಟಿ ಹೊರಗೆ ಎಳೆದು ತರುವುದು ನಮ್ಮ ಕಸುಬು. ನಾವು ಬಂಗಾರ ಮುಟ್ಟುವ ಹಾಗಿಲ್ಲ. ನನ್ನ ಕಿವಿ ಚುಚ್ಚಿಲ್ಲ. ಮದುವೆಯಲ್ಲಿ ನನಗೆ ಕಟ್ಟಿದ್ದು ಅರಿಶಿನದ ದಾರಕ್ಕೆ ಪೋಣಿಸಿದ ಕರಿಮಣಿ, ಅಷ್ಟೇ. ಹೆಣ್ಣು ನೋಡಲು ಬಂದವರು ನಮ್ಮೂರಲ್ಲಿ ಮೊದಲು ಕೇಳುವುದು ‘ಹುಡುಗಿ ಬರಿಗೈಯೇನು?’ ಎಂದು. ಹೌದು ಎಂದರೆ ಮುಖ ಅರಳಿಸುತ್ತಾರೆ. ಬರಿಗೈ ಎಂದರೆ ದುಡಿಯುವವಳು, ಬೇಡದವಳು, ಎಲ್ಲರ ದಾರಿಯನ್ನೂ ತಲೆಯಲ್ಲಿ ಇಟ್ಟುಕೊಂಡಿರುವವಳು. ಅಂಥ ಸೊಸೆ ಯಾರಿಗೆ ಬೇಡ?

ನನ್ನನ್ನು ಹಾಗೆಯೇ ಒಪ್ಪಿಕೊಂಡು ಬಂದವನು ಯಮನಪ್ಪ. ಕಲ್ಲಿನ ಕ್ವಾರಿಯಲ್ಲಿ ಲಾರಿ ಹೊಡೆಯುತ್ತಿದ್ದ. ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ ಅವನಿಗೆ ಬಾಯಿ ಒಂದು ಬಿಟ್ಟು ಮತ್ತೇನೂ ಸರಿಯಾಗಿ ಉಳಿದಿಲ್ಲ. ಹೊತ್ತುಹೊತ್ತಿಗೆ ಮಗ್ಗಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ನಾನು ಕೊಳ್ಳಕ್ಕೆ ಹೋದ ದಿನ ಮಧ್ಯಾಹ್ನ ಪಕ್ಕದ ಮನೆಯ ಲಗಮವ್ವ ಬಂದು ಒಮ್ಮೆ ಹೊರಳಿಸಿ ಹೋಗುತ್ತಾಳೆ, ಸಂಜೆಗೆ ನಾನೇ ಇರಬೇಕು. ಅವನ ಗಂಜಿ, ಅವನ ಬಟ್ಟೆ, ಅವನ ಬೆನ್ನು. ನನಗೆ ಸಾಕಾಗಿದೆ. ಹಾಗೆ ಹೇಳಿದರೆ ಪಾಪ ಸುತ್ತಿಕೊಳ್ಳುತ್ತದೆ ಎನ್ನುತ್ತಾಳೆ ಲಗಮವ್ವ. ಸುತ್ತಿಕೊಳ್ಳಲಿ. ಸಾಕಾಗಿದೆ ಎಂದರೆ ಸಾಕಾಗಿದೆ.

ಆ ಶನಿವಾರ ಬಂದವರು ಗಂಡ ಹೆಂಡತಿ ಇಬ್ಬರೇ. ಗಂಡನ ಹೆಸರು ಪ್ರಹ್ಲಾದ, ವಿಮಾ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಂತೆ. ಆತನ ಮೈಮೇಲೆ ಸಾಮಾನು ಇಲ್ಲದ ಜಾಗವೇ ಇರಲಿಲ್ಲ. ತಲೆಗೆ ದೀಪವಿರುವ ಹೆಲ್ಮೆಟ್ಟು, ಮೊಣಕಾಲುದ್ದದ ರಬ್ಬರ್ ಬೂಟು, ಕೈಗೆ ಗವಸು, ಕಿಸೆಯ ಮೇಲೆ ಕಿಸೆ ಹೊಲಿದ ಅಂಗಿ, ಸೊಂಟಕ್ಕೆ ಸಲಿಕೆ, ಎದೆಗೆ ಸೀಟಿ, ಕೈಯಲ್ಲಿ ನೆಲ ಮೂಸುವ ಯಂತ್ರ. ಹೆಂಡತಿ ಮಂದಾಕಿನಿಯ ಕೈಯಲ್ಲಿ ಇದ್ದದ್ದು ಒಂದು ಚೀಲ, ಅದರಲ್ಲಿ ಊಟದ ಬುತ್ತಿ, ನೀರಿನ ಬಾಟಲಿಗಳು, ಗಂಡನ ಮಾತ್ರೆಯ ಡಬ್ಬಿ ಮತ್ತು ಆತನ ಕಿಸೆಯಲ್ಲಿ ಹಿಡಿಸದ ಒಂದು ಬ್ರಷ್. ಎಲ್ಲೆಕಲ್ಲಿನ ಹತ್ತಿರ ಅವಳು ಬಳೆ, ಓಲೆ, ತಾಳಿ ಎಲ್ಲ ಬಿಚ್ಚಿ ಗಂಟು ಕಟ್ಟಿ ಜೀಪಿನಲ್ಲಿ ಇಟ್ಟು ಬಂದಳು. ಕುತ್ತಿಗೆ ಸವರಿಕೊಳ್ಳುತ್ತ ನನ್ನ ಕಡೆ ನೋಡಿ ಒಂದು ಥರ ನಕ್ಕಳು.

“ಅಲ್ಲಮ್ಮಾ, ನನ್ನ ಹತ್ರ ಜಿಪಿಎಸ್ ಇದೆ. ಈ ಹಗ್ಗ ಗಿಗ್ಗ ಎಲ್ಲ ಯಾಕೆ?” ಎಂದ ಪ್ರಹ್ಲಾದ.

“ನಿಮ್ಮ ಮಿಷಿನ್ನು ದಾರಿ ತೋರಸ್ತೈತ್ರಿ ಸಾಹೇಬ್ರ,” ಎಂದೆ. “ಖರೆ, ಅದನ್ನ ನೋಡಾವ್ರಿಗೆ ದಾರಿ ಅಂದ್ರೇನಂತ ಗೊತ್ತಿರಬೇಕಲ್ರಿ.”

ಆತ ನಕ್ಕ. ಎಲ್ಲರೂ ಇಲ್ಲಿ ನಗುತ್ತಾರೆ. ನಾನು ಪ್ರತಿ ವಾರ ಹೇಳುವುದನ್ನೇ ಹೇಳಿದೆ. “ಹೊಟ್ಟಿ ಕೊರೆದ ದಂಡಿ ಕೆಳಗ ಯಾರೂ ಹೋಗಬಾರ್ದು, ಅದು ಹೇಳಿ ಕೇಳಿ ಬೀಳೂದಿಲ್ಲ. ಹಳ್ಳದ ಬಣ್ಣ ಬದಲಾತಂದ್ರ ಕೈಯಾಗಿಂದು ಅಲ್ಲೇ ಬಿಟ್ಟು ನನ್ನ ಕಡೆ ಬರ್ರಿ. ಸಿಕ್ಕಿದ್ದೆಲ್ಲಾ ಈ ಗಾಜಿನ ಶೀಷೆದಾಗ ಹಾಕ್ರಿ. ಕಿಸೆದಾಗ ಬ್ಯಾಡ, ವಸ್ತ್ರದಾಗ ಬ್ಯಾಡ. ನನಗೇನರ ಆತಂದ್ರ ಶೀಷೆ ಒಗೆದುಬಿಡ್ರಿ, ನಿಮಗ ದಾರಿ ತಿಳಿತೈತಿ.” ಪ್ರಹ್ಲಾದ ಆಗಲೇ ಯಂತ್ರದ ಗುಂಡಿ ಒತ್ತುತ್ತಿದ್ದ. ಕೇಳಿಸಿಕೊಂಡವಳು ಮಂದಾಕಿನಿ ಒಬ್ಬಳೇ. ಶೀಷೆಯನ್ನೂ ಆತ ಅವಳ ಕೈಗೇ ಕೊಟ್ಟ.

ಕೊಳ್ಳಕ್ಕೆ ಇಳಿಯುವ ಮೆಟ್ಟಿಲು ಬಂಡೆಯ ಸಂದಿನಲ್ಲಿ ಕಡಿದದ್ದು, ಒಬ್ಬರ ಹಿಂದೆ ಒಬ್ಬರು ಇಳಿಯಬೇಕು. ಕೆಳಗೆ ಹೋದ ಮೇಲೆ ಹಗ್ಗ ಬಿಚ್ಚಿ ನನ್ನ ಕಣ್ಣಳತೆಯಲ್ಲೇ ಇರಿ ಎಂದು ಹೇಳಿ ನೆರಳಿಗೆ ಕುಳಿತೆ. ಪ್ರಹ್ಲಾದ ನೀರಿಗಿಳಿದು ಹಸಿರು ಪ್ಲಾಸ್ಟಿಕ್ ತಟ್ಟೆಯಲ್ಲಿ ಮರಳು ತುಂಬಿ ತಿರುಗಿಸಿದ. ತಿರುಗಿಸಿದ ರಭಸಕ್ಕೆ ಮರಳಿನ ಜೊತೆ ಬಂಗಾರವೂ ಹಾರಿ ಅವನ ಗವಸು, ಗಡ್ಡ, ಕಿಸೆಯ ಹೊಲಿಗೆಯಲ್ಲೆಲ್ಲ ಕೂತಿತು. ಶೀಷೆಗೆ ಹೋದದ್ದು ನಾಲ್ಕು ಚೂರು. ಆ ಕ್ಷಣದಿಂದಲೇ ಅವನಿಗೆ ದಾರಿ ಮರೆತಿತ್ತು, ಆದರೆ ಅದು ಅವನಿಗೆ ಗೊತ್ತಿರಲಿಲ್ಲ. ಸಂಜೆಯವರೆಗೆ ದಾರಿ ಯಾರಿಗೆ ಬೇಕು?

ಮಂದಾಕಿನಿ ಸ್ವಲ್ಪ ಹೊತ್ತು ಬಂಡೆಯ ಮೇಲೆ ಕುಳಿತು ಕಿತ್ತಳೆ ಸುಲಿದಳು. ಗಂಡನಿಗೆ ಮಾತ್ರೆ ನುಂಗಿಸಿದಳು. ಆತ ಕನ್ನಡಕ ಎಲ್ಲಿ ಎಂದು ಕೂಗಿದಾಗ, “ನಿಮ್ಮ ಎಡಗಡೆ ಮೇಲಿನ ಕಿಸೆ,” ಎಂದು ಕೂತಲ್ಲಿಂದಲೇ ಹೇಳಿದಳು. ಆಮೇಲೆ ಬಂದವರಿಗೆಂದು ನಾನು ತಂದು ಪಕ್ಕದಲ್ಲಿಟ್ಟುಕೊಂಡಿದ್ದ ಹಳೆಯ ಮರದ ಮರಿಗೆಯನ್ನು ನೋಡಿ, “ನಾನೂ ಒಂದ್ಸಲ ನೋಡ್ಲಾ ಅಕ್ಕಾ?” ಎಂದಳು. ನೋಡು ಎಂದೆ. ಅವಳು ಮರಿಗೆಯಲ್ಲಿ ಮರಳು ಹಾಕಿಕೊಂಡು, ನೀರು ಬಿಟ್ಟು, ಅಕ್ಕಿ ಜಾಲಿಸಿದ ಹಾಗೆ ಮೆಲ್ಲಗೆ ಓಲಾಡಿಸಿ, ಮೇಲಿನದನ್ನು ಚೆಲ್ಲುತ್ತ ಹೋದಳು. ಜೀವಮಾನವೆಲ್ಲ ಅಕ್ಕಿಯಲ್ಲಿ ಕಲ್ಲು ಹುಡುಕಿದವಳಿಗೆ ಕಲ್ಲಿನಲ್ಲಿ ಬಂಗಾರ ಹುಡುಕುವುದು ಎಷ್ಟರ ಮಾತು? ಕೊನೆಗೆ ಮರಿಗೆಯ ತಳದಲ್ಲಿ ಜೋಳದ ಕಾಳಿನಷ್ಟು ದಪ್ಪದ ಬಂಗಾರ ಉಳಿಯಿತು. ಇಷ್ಟು ದೊಡ್ಡದನ್ನು ನಾನು ನೋಡಿ ಬಹಳ ದಿನವಾಗಿತ್ತು. ಅವಳು ಅದನ್ನು ಶೀಷೆಗೆ ಹಾಕಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿದಳು. ನಾನು ಶೀಷೆ ಎನ್ನಲು ಬಾಯಿ ತೆರೆದವಳು ಸುಮ್ಮನಾದೆ, ಅವಳ ಮುಖ ಅಷ್ಟು ಹಗುರವಾಗಿತ್ತು.

ಹೆಂಡತಿಗೆ ಸಿಕ್ಕಿದ್ದು ಕಂಡು ಗಂಡನಿಗೆ ತಡೆಯಲಿಲ್ಲ. ನೀರು ಕೊರೆದು ಹೊಟ್ಟೆ ಟೊಳ್ಳಾಗಿದ್ದ ದಂಡೆಯ ಕೆಳಗೆ ನುಗ್ಗಿ ಸಲಿಕೆ ಹಾಕತೊಡಗಿದ. ಮೇಲಿನ ಜಾಲಿಗಿಡದ ಬೇರುಗಳು ಗಾಳಿಯಲ್ಲಿ ನೇತಾಡುತ್ತಿದ್ದವು.

“ಸಾಹೇಬ್ರ, ಹೊರಗ ಬರ್ರಿ!”

“ಎರಡೇ ನಿಮಿಷ ಫಕೀರಮ್ಮಾ!”

ನನ್ನ ಹೆಸರು ಫಕೀರವ್ವ. ಅದನ್ನು ತಿದ್ದುವ ಹೊತ್ತು ಅದಾಗಿರಲಿಲ್ಲ. ಮೇಲಿನಿಂದ ಪುಡಿಮಣ್ಣು ಉದುರುವುದು ಕಂಡು ಓಡಿಹೋಗಿ ಅವನ ಬೆನ್ನಿನ ಪಟ್ಟಿ ಹಿಡಿದು ಜಗ್ಗಿದೆ. ಆತ ಹೊರಗೆ ಬಂದು ಬಿದ್ದ, ದಂಡೆ ಕುಸಿಯಿತು, ನಾನು ಅದರ ಜೊತೆಗೇ ಜಾರಿ ಬಲಗೈ ಊರಿಕೊಂಡು ಬಿದ್ದೆ. ಅಂಗೈಯಿಂದ ಮೊಣಕೈವರೆಗೆ ಚರ್ಮ ಸುಲಿದುಹೋಯಿತು. ಗಾಯದ ತುಂಬ ಆ ದಂಡೆಯ ಮರಳು ಮೆತ್ತಿಕೊಂಡಿತು. ಉರಿ ನೆತ್ತಿಗೇರಿತು.

ಎದ್ದು ಕುಳಿತಾಗ ಹಳ್ಳದ ಕಡೆ ನೋಡಿದೆ. ಬೆಳಗ್ಗೆ ತಿಳಿಯಾಗಿದ್ದ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು, ಮೇಲೆ ಒಣಎಲೆ, ಕಡ್ಡಿ ತೇಲಿ ಬರುತ್ತಿದ್ದವು. ಕೊಳ್ಳದ ತಲೆಯ ಕಡೆ ಆಕಾಶ ಕಪ್ಪಾಗಿತ್ತು. ಅಲ್ಲೆಲ್ಲೋ ಮಳೆ ಹೊಡೆದಿದೆ, ನೀರು ಹೊರಟಿದೆ. “ಏಳ್ರಿ, ಹಗ್ಗ ಕಟ್ಕೋರಿ, ಹೊಂಡೂಣು,” ಎಂದು ಎದ್ದು ನಿಂತು ತಿರುಗಿದೆ. ತಿರುಗಿದವಳು ಹಾಗೆಯೇ ನಿಂತೆ. ಸುತ್ತ ಬಂಡೆ ಇತ್ತು, ಗಿಡ ಇತ್ತು, ಆಕಾಶ ಇತ್ತು. ದಾರಿ ಇರಲಿಲ್ಲ.

ಚಿಕ್ಕಂದಿನಿಂದ ಅಪ್ಪನ ಹಿಂದೆ ಓಡಾಡಿದ ದಾರಿ ಅದು. ಕಣ್ಣುಮುಚ್ಚಿಕೊಂಡು ಹೋಗುತ್ತೇನೆ ಎಂದು ಜಂಬ ಕೊಚ್ಚಿದ್ದೇನೆ. ಈಗ ಎಲ್ಲಿಂದ ಇಳಿದೆವು, ಯಾವ ಕಡೆ ಹತ್ತಬೇಕು ಎಂದು ಯೋಚಿಸಿದರೆ, ಯೋಚಿಸಬೇಕಾದ ಜಾಗವೇ ತಲೆಯಲ್ಲಿ ಖಾಲಿಯಾಗಿತ್ತು. ನೆಲ ಗುಡಿಸಿ ಸಾರಿಸಿಟ್ಟ ಹಾಗೆ. ಗಾಯದ ಮರಳಿನಲ್ಲಿ ಎಲ್ಲೋ ಬಂಗಾರ ಸೇರಿದೆ ಎಂದು ಅರ್ಥವಾಯಿತು. ಬರಿಗೈಯವಳ ಕೈಯೊಳಗೇ ಬಂಗಾರ ಹೊಕ್ಕಿತ್ತು.

“ನನಗ ದಾರಿ ಗೊತ್ತಿಲ್ರಿ,” ಎಂದೆ. ಆ ಮಾತು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು.

ಪ್ರಹ್ಲಾದ ತನ್ನ ಜಿಪಿಎಸ್ ಯಂತ್ರ ತೆಗೆದ. ಗಾಜಿನ ಮೇಲೆ ಬಾಣದ ಗುರುತು ಮಿನುಗುತ್ತಿತ್ತು. ಅವನು ಅದನ್ನು ಹಿಂದೆ ಮುಂದೆ ಮಾಡಿ ನೋಡಿದ. “ಇದೇನೋ ಬಾಣ ತೋರಿಸ್ತಾ ಇದೆ. ಬಾಣ ಯಾಕೆ ತೋರಿಸ್ತಿದೆ?” ಎಂದ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವನ ಕೈಯಿಂದ ಇಸಿದುಕೊಂಡು ನಾನೂ ನೋಡಿದೆ, ನನಗೂ ಅದು ಒಂದು ಗೀಟು ಅಷ್ಟೇ ಆಗಿತ್ತು. ನೀರಿನ ಸದ್ದು ಏರುತ್ತಿತ್ತು. ಮೂವರೂ ಹಳ್ಳದ ನಡುವೆ ಎದ್ದು ನಿಂತ ದೊಡ್ಡ ಬಂಡೆಯ ಮೇಲೆ ಹತ್ತಿ ಕುಳಿತೆವು. ಅದೊಂದೇ ನಮಗೆ ತಿಳಿದ ಎತ್ತರ.

ಮಂದಾಕಿನಿ ಮೊದಲು ಶೀಷೆಯನ್ನು ನೀರಿಗೆ ಎಸೆದಳು. ಪ್ರಹ್ಲಾದ ಅತ್ತಿತ್ತ ನೋಡಿದ. ದಾರಿ ಬರಲಿಲ್ಲ. “ನಿಮ್ಮ ಮೈಮ್ಯಾಗ ಅದಾವ್ರಿ, ಜಾಡಿಸ್ರಿ,” ಎಂದೆ. ಆತ ಗವಸು ಕಳಚಿ ಎಸೆದ, ಬರಲಿಲ್ಲ. ಕಿಸೆಗಳ ಅಂಗಿ ಬಿಚ್ಚಿ ಎಸೆದ, ಬರಲಿಲ್ಲ. ಬೂಟಿನೊಳಗೆ ಮರಳು ಸೇರಿತ್ತು, ಬೂಟು ಹೋಯಿತು. ಕಾಲುಚೀಲ, ಪ್ಯಾಂಟು, ಸೊಂಟದ ಪಟ್ಟಿ ಹೋದವು. ಅಷ್ಟೆಲ್ಲ ಸಾಮಾನು ಬಂಗಾರ ಹುಡುಕಲು ತಂದದ್ದು, ಬಂಗಾರ ಹಿಡಿದುಕೊಂಡು ಕೂತಿದ್ದೂ ಅದೇ. ಕೊನೆಗೆ ಚಡ್ಡಿಯ ಮೇಲೆ, ತಲೆಗೆ ಮಾತ್ರ ಹೆಲ್ಮೆಟ್ಟು ಹಾಕಿಕೊಂಡು ವಿಮಾ ಕಂಪನಿಯ ದೊಡ್ಡ ಸಾಹೇಬ ಗಾಳಿಗೆ ನಡುಗುತ್ತ ನಿಂತ. ಅವನ ಗಡ್ಡದಲ್ಲಿ ಹೊಳೆಯುವ ಹುಡಿ ನನಗೇ ಕಾಣುತ್ತಿತ್ತು. ಅದನ್ನು ತೊಳೆಯೋಣವೆಂದರೆ ಹಳ್ಳದ ನೀರಿನಲ್ಲೇ ಆ ಹುಡಿ ಕಲಸಿಕೊಂಡು ಬರುತ್ತಿದೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಗಿತ್ತು ಅವನ ಪಾಡು. ಇಲಿಯಾದರೂ ಬಿಟ್ಟರೆ ಓಡಿಹೋಗುತ್ತಿತ್ತು.

“ಮಂದಾಕಿನಿ, ನಿನ್ನ ಕೈಯಲ್ಲಿರೋದನ್ನ ಬಿಸಾಕು,” ಎಂದ.

ಅದೇ ಸುಲಭದ ದಾರಿ ಎಂದು ನನಗೂ ಹೊಳೆದಿತ್ತು. ಅವಳ ಮೈಮೇಲೆ ಇದ್ದದ್ದು ಆ ಒಂದು ಕಾಳು ಮಾತ್ರ. ಮುಷ್ಟಿ ಬಿಚ್ಚಿದರೆ ಅವಳಿಗೆ ದಾರಿ ತಿಳಿಯುತ್ತದೆ, ಹಗ್ಗ ಹಿಡಿದು ನಮ್ಮನ್ನು ಹೊರಗೆ ಕರೆದೊಯ್ಯುತ್ತಾಳೆ.

“ಇಲ್ಲ,” ಎಂದಳು ಮಂದಾಕಿನಿ.

“ಇಲ್ಲ ಅಂದ್ರೆ? ಹುಚ್ಚಾ ನಿಂಗೆ? ನೀರು ಏರ್ತಾ ಇದೆ, ಕಾಣ್ತಾ ಇಲ್ವಾ? ಅದಕ್ಕಿಂತ ದೊಡ್ಡದು ಅಂಗಡೀಲಿ ಕೊಡಿಸ್ತೀನಿ.”

“ಬಂಗಾರಕ್ಕಲ್ಲ ರೀ ನಾನು ಹೇಳ್ತಿರೋದು.” ಅವಳು ಗಂಡನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. “ಇದನ್ನ ಬಿಟ್ರೆ ನಂಗೆ ದಾರಿ ಗೊತ್ತಾಗತ್ತೆ. ಗೊತ್ತಾದ್ರೆ ಮತ್ತೆ ನಾನೇ ಮುಂದೆ ನಿಂತು ಎಲ್ಲರನ್ನೂ ಕರ್ಕೊಂಡು ಹೋಗ್ಬೇಕು. ಮನೇಲಿ ಬೀಗದಕೈ ಎಲ್ಲಿದೆ ಅಂತ ನಂಗೆ ಗೊತ್ತಿರ್ಬೇಕು. ಕನ್ನಡಕ ಎಲ್ಲಿ, ಮಾತ್ರೆ ಯಾವುದು, ಯಾರ ಮದುವೆ ಯಾವತ್ತು, ಗ್ಯಾಸ್ ಯಾವಾಗ ಖಾಲಿಯಾಗತ್ತೆ, ಎಲ್ಲ ನಂಗೇ ಗೊತ್ತಿರ್ಬೇಕು. ಇದು ಕೈಗೆ ಬಂದಾಗಿನಿಂದ ನಂಗೆ ಮನೆಗೆ ಹೋಗೋದು ಹೇಗೆ ಅಂತ ಗೊತ್ತಿಲ್ಲ ಅಕ್ಕಾ. ಎಷ್ಟು ಸುಖವಾಗಿದೆ ಗೊತ್ತಾ? ಸ್ವಲ್ಪ ಹೊತ್ತು ಹೀಗೇ ಇರ್ತೀನಿ. ಬೇರೆ ಯಾರಾದ್ರೂ ದಾರಿ ತಿಳ್ಕೊಳ್ಳಿ.”

 ಪ್ರಹ್ಲಾದನಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು, ಅದೇ ತೊಂದರೆಯಾಯಿತು. ಅವಳಿಗೆ ಬುದ್ಧಿ ಹೇಳಬೇಕಾದವಳು ನಾನು, ಆದರೆ ನಾನೂ ಅವಳ ಹಾಗೆಯೇ ಕುಳಿತಿದ್ದೆ. ಕೈ ಉರಿಯುತ್ತಿತ್ತು, ನೀರು ಬಂಡೆಯ ಬುಡ ನೆಕ್ಕುತ್ತಿತ್ತು, ಆದರೂ ಒಳಗೆ ಒಂದು ಬಿಡುವು ಬಂದು ಕೂತಿತ್ತು. ಯಮನಪ್ಪ ನೆನಪಿದ್ದ. ಲಗಮವ್ವ ಹೊರಳಿಸಿ ಹೋದ ಮಗ್ಗಲಲ್ಲೇ ಬಿದ್ದುಕೊಂಡು ಬಾಗಿಲ ಕಡೆ ನೋಡುತ್ತಿರುತ್ತಾನೆ ಎನ್ನುವುದು ನೆನಪಿತ್ತು. ಅವನು ಅಲ್ಲಿದ್ದಾನೆ, ನಾನು ಇಲ್ಲಿದ್ದೇನೆ, ನಡುವೆ ದಾರಿಯೇ ಇಲ್ಲ. ದಾರಿ ಇಲ್ಲದ ಮೇಲೆ ಯಾರು ನನ್ನನ್ನು ಬೈಯುತ್ತಾರೆ? ಬೇಕೆಂದು ಬಿಟ್ಟು ಬಂದವಳಲ್ಲ ನಾನು. ನನಗೆ ಗೊತ್ತಿಲ್ಲ, ಅಷ್ಟೇ. ಮದುವೆಯಾದಾಗಿನಿಂದ ಯಾವ ಹಬ್ಬದ ದಿನವೂ ಸಿಗದ ಸಮಾಧಾನ ಆ ಒದ್ದೆ ಬಂಡೆಯ ಮೇಲೆ ಸಿಕ್ಕಿತು. ನಾನು ಮಂದಾಕಿನಿಯ ಪಕ್ಕಕ್ಕೆ ಸರಿದು ಕುಳಿತೆ. ಅವಳು ಉಳಿದಿದ್ದ ಕಿತ್ತಳೆಯ ಅರ್ಧ ನನಗೆ ಕೊಟ್ಟಳು. ಇಬ್ಬರೂ ತಿಂದೆವು. ಪ್ರಹ್ಲಾದ ನಮ್ಮ ಹಿಂದೆ ನಿಂತು ಬಿಟ್ಟೂಬಿಡದೆ ಸೀಟಿ ಊದುತ್ತಿದ್ದ.

ಹಸಿರು ತಟ್ಟೆ ನಮ್ಮ ಮುಂದೆಯೇ ತೇಲಿಹೋಯಿತು. ನನ್ನ ಮರಿಗೆಯೂ ಹೋಯಿತು. ಆಮೇಲೆ ಒಂದು ಇಡೀ ಗಿಡ ಬೇರುಸಮೇತ ಉರುಳಿಕೊಂಡು ಬಂದು ಬಂಡೆಗೆ ಬಡಿಯಿತು. ಆ ಪೆಟ್ಟಿಗೆ ಪ್ರಹ್ಲಾದ ಜಾರಿ ಸೊಂಟದವರೆಗೆ ನೀರಿಗೆ ಬಿದ್ದ. ನಾವಿಬ್ಬರೂ ಅವನ ತೋಳು ಹಿಡಿದು ಮೇಲಕ್ಕೆ ಎಳೆದೆವು. ಮಂದಾಕಿನಿ ಆಗಲೂ ಮುಷ್ಟಿ ಬಿಚ್ಚದೆ ಮುಂಗೈಯಿಂದಲೇ ಎಳೆದಳು. ಆತ ಮೇಲೆ ಬಂದು ಸೀಟಿ ಕಳೆದುಕೊಂಡು ಕೂತು, “ಮಂದಾ, ನನಗೆ ಹೆದರಿಕೆ ಆಗ್ತಿದೆ ಕಣೇ,” ಎಂದ. ಬೆಳಗ್ಗೆಯಿಂದ ಆತ ಆಡಿದ ಮಾತಿನಲ್ಲಿ ಅದೊಂದು ಮಾತ್ರ ಕಿಸೆಯಿಂದ ತೆಗೆದ ಸಾಮಾನಿನಂತಿರಲಿಲ್ಲ. ಅವಳು ಅವನ ತಲೆ ಒರೆಸಿದಳು. ನೀರು ನಮ್ಮ ಪಾದಕ್ಕೆ ಬಂದಿತ್ತು.

ಮುಷ್ಟಿ ಬಿಚ್ಚು ಎಂದು ಅವಳಿಗೆ ಹೇಳಬಹುದಿತ್ತು. ಹೇಳಿದ್ದರೆ ಬಿಚ್ಚುತ್ತಿದ್ದಳು, ಗಂಡನ ಆ ಮಾತು ಕೇಳಿದ ಮೇಲೆ ಬೆರಳು ಆಗಲೇ ಸಡಿಲವಾಗುತ್ತಿದ್ದವು. ಅದನ್ನು ನೋಡಿ ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಹೇಳಲಾರೆ. ಹೆದರಿದವರಿದ್ದಾರೆ ಎಂದು ಯಾವಾಗಲೂ ನಾವೇ ಬೆರಳು ಬಿಚ್ಚಬೇಕು. ಇವತ್ತು ಇವಳು ಬಿಚ್ಚುವುದು ಬೇಡ ಎನಿಸಿತು. ಹಾಗಾದರೆ ಉಳಿದವಳು ನಾನು. ಕಸುಬು ನನ್ನದು, ಒಳಗೆ ಕರೆತಂದವಳೂ ನಾನು. ಅಲ್ಲಿ ಯಮನಪ್ಪನ ಬೆನ್ನು ಹಾಸಿಗೆಗೆ ಅಂಟಿಕೊಂಡಿರುತ್ತದೆ.

“ತಂಗಿ, ಅದನ್ನ ಹಂಗ ಇಟ್ಕೋ,” ಎಂದೆ. “ನಿನ್ನ ಚೀಲದಾಗ ಸಾಹೇಬ್ರ ಕಲ್ಲಸಂದಿ ತಿಕ್ಕೂ ಬ್ರಷ್ ಐತಿ ನೋಡು. ತಗದು ನನ್ನ ಕೈ ತಿಕ್ಕು. ಒಂದು ಕಾಳು ಮರಳು ಉಳಿಬಾರದು. ಹಳ್ಳದ ನೀರು ಬ್ಯಾಡ, ಕುಡಿಯೂ ನೀರು ಹಾಕು.”

ಅವಳು ಬ್ರಷ್ ತೆಗೆದಳು. ಗಡಸು ನಾರಿನದು, ಕಬ್ಬಿಣದ ಬಾಣಲೆ ಉಜ್ಜುವಂಥದ್ದು. ನನ್ನ ತೋಳಿನ ಹಸಿ ಮಾಂಸ ನೋಡಿದಳು.

“ಇದರಲ್ಲಾ? ಸತ್ತೇ ಹೋಗ್ತೀರ ಅಕ್ಕಾ.”

“ಸಾಯೂದಿಲ್ಲ. ತಿಕ್ಕು.”

ಅವಳು ಬ್ರಷ್ ಹಿಡಿದುಕೊಂಡೇ ಮೆಲ್ಲಗೆ ಕೇಳಿದಳು, ಗಂಡನಿಗೆ ಕೇಳಿಸದ ಹಾಗೆ. “ದಾರಿ ಗೊತ್ತಾಗೋದು ಬೇಡ ಅಂತ ನಿಮಗೂ ಅನ್ಸಲ್ವಾ?”

“ಅನಸ್ತೈತಿ,” ಎಂದೆ. “ಬಾಳ ಅನಸ್ತೈತಿ. ತಿಕ್ಕವಾ.”

ಅವಳು ಕಾಳನ್ನು ದವಡೆಗೆ ಹಾಕಿಕೊಂಡಳು. ಎರಡೂ ಕೈ ಬಿಡುವು ಮಾಡಿಕೊಂಡು, ಬಾಟಲಿಯ ನೀರು ಸುರಿದು, ತಿಕ್ಕಿದಳು. ನಾನು ಕಿರುಚಿದ್ದು ಕೊಳ್ಳದ ಆಚೆಗೂ ಕೇಳಿರಬೇಕು. ಪ್ರಹ್ಲಾದ ಕಣ್ಣು ಮುಚ್ಚಿಕೊಂಡು ನನ್ನ ಇನ್ನೊಂದು ಕೈ ಹಿಡಿದುಕೊಂಡ, ಪಾಪ, ಗಟ್ಟಿಯಾಗಿಯೇ ಹಿಡಿದ. ಅಂಗೈ ಮುಗಿಯಿತು, ಮಣಿಕಟ್ಟು ಮುಗಿಯಿತು, ಮೊಣಕೈ ಹತ್ತಿರ ಬಂದಾಗ ಒಂದು ಕಡೆ ಬ್ರಷ್ ಸಾಲದೆ ಅವಳು ಉಗುರಿನಿಂದ ಕೆದರಿದಳು. ಕೆಂಪು ನೀರಿನ ಜೊತೆ ಏನೋ ಮಿಣಕ್ಕೆಂದು ಹಳ್ಳಕ್ಕೆ ಬಿತ್ತು.

ದಾರಿ ಬಂತು. ಮೆಲ್ಲಗೆ ಬರಲಿಲ್ಲ, ಒಮ್ಮೆಗೇ ಹೊರೆಯ ಹಾಗೆ ತಲೆಯ ಮೇಲೆ ಕೂತಿತು. ನಮ್ಮ ಬೆನ್ನ ಹಿಂದೆಯೇ, ಬಂಡೆಯಿಂದ ಒಂದು ಜಿಗಿತದ ದೂರದಲ್ಲಿ ಮೆಟ್ಟಿಲ ಸಂದು ಇತ್ತು. ಮೆಟ್ಟಿಲು, ಮೇಲಿನ ಗುಡ್ಡ, ಎಲ್ಲೆಕಲ್ಲು, ಅಗಸಿ, ಲಗಮವ್ವನ ಮನೆಯ ತಿರುವು, ನಮ್ಮ ಬಾಗಿಲು, ಬಾಗಿಲ ಒಳಗಿನ ಮಂಚ. ಎಲ್ಲವೂ ಬಂದವು, ಒಂದೂ ತಪ್ಪಲಿಲ್ಲ. ನಾನು ಅತ್ತೆ. ನೋವಿಗೆ ಅಳುತ್ತಿದ್ದೇನೆ ಎಂದುಕೊಂಡು ಪ್ರಹ್ಲಾದ, “ಆಯ್ತಮ್ಮಾ, ಆಯ್ತು,” ಎಂದು ಸಮಾಧಾನ ಮಾಡಿದ. ಮಂದಾಕಿನಿ ತನ್ನ ದುಪಟ್ಟಾ ಹರಿದು ನನ್ನ ಕೈಗೆ ಸುತ್ತಿದಳು.

ಹಗ್ಗ ಕಟ್ಟಿದೆ. ಮೊದಲು ನಾನು ಜಿಗಿದೆ, ಆಮೇಲೆ ಒಬ್ಬೊಬ್ಬರನ್ನಾಗಿ ಎಳೆದುಕೊಂಡೆ. “ನನ್ನ ಬೆನ್ನು ಒಂದ ನೋಡ್ರಿ, ಬ್ಯಾರೆ ಏನೂ ನೋಡಬ್ಯಾಡ್ರಿ,” ಎಂದು ಹೇಳಿ ಹತ್ತಿಸಿದೆ. ಅರ್ಧ ಹತ್ತಿದಾಗ ಕೆಳಗೆ ದೊಡ್ಡ ಸದ್ದಾಯಿತು. ತಿರುಗಿ ನೋಡಿದರೆ ನಾವು ಕುಳಿತಿದ್ದ ಬಂಡೆ ಕಾಣಲಿಲ್ಲ, ಕೆಂಪು ನೀರು ಅದರ ಮೇಲೆ ಹೊರಳುತ್ತಿತ್ತು. 

ಎಲ್ಲೆಕಲ್ಲು ಮುಟ್ಟಿದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಪ್ರಹ್ಲಾದ ಕಲ್ಲು ದಾಟಿದ ಕೂಡಲೇ ಸೊಂಟದ ಹಗ್ಗ ಬಿಚ್ಚಿ, ಹೆಲ್ಮೆಟ್ಟು ನೆಟ್ಟಗೆ ಮಾಡಿಕೊಂಡು, “ಆ ಕಡೆ, ಜೀಪ್ ಆ ಕಡೆ ಇದೆ!” ಎಂದು ನನಗೇ ದಾರಿ ತೋರಿಸಿದ. “ಬೇಗ ಬಾ ಮಂದಾಕಿನಿ, ಬೀಗದಕೈ ಎಲ್ಲಿದೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಡ್ಡಿಯಲ್ಲೇ ಇಳಿಜಾರಿನಲ್ಲಿ ಓಡಿದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಸುಮ್ಮನೆ ಹೇಳಿಲ್ಲ. ಆದರೂ ಬದುಕಿದನಲ್ಲ ಎಂದು ನನಗೆ ಸಂತೋಷವೇ ಆಯಿತು.

ಹಗ್ಗದ ಇನ್ನೊಂದು ತುದಿ ಬಿಗಿಯಾಯಿತು. ಮಂದಾಕಿನಿ ಕಲ್ಲು ದಾಟಿರಲಿಲ್ಲ. ಒಂದು ಹೆಜ್ಜೆ ಒಳಗೇ ನಿಂತಿದ್ದಳು. ದವಡೆಯಿಂದ ಕಾಳು ತೆಗೆದು ಅಂಗೈಯಲ್ಲಿ ಇಟ್ಟುಕೊಂಡಿದ್ದಳು.

“ಒಂದ್ ನಿಮಿಷ ಅಕ್ಕಾ. ಇಲ್ಲೇ ನಿಂತ್ಕೋತೀನಿ. ದಾಟಿದ್ರೆ ಎಲ್ಲ ಗೊತ್ತಾಗಿಬಿಡತ್ತೆ.”

“ನಿಂದ್ರು,” ಎಂದೆ. ನಾನು ಈಚೆ, ಅವಳು ಆಚೆ. ಯಮನಪ್ಪನ ಗಂಜಿಯ ಹೊತ್ತು ಮೀರಿತ್ತು. ಲಗಮವ್ವ ಎರಡನೆಯ ಸಲ ಬಂದು ನೋಡಿರುತ್ತಾಳೆ, ನೋಡದೆ ಇದ್ದರೆ ಅವನು ಕೂಗಿಯಾದರೂ ಕರೆದಿರುತ್ತಾನೆ, ಬಾಯಿ ಗಟ್ಟಿಯಿದೆಯಲ್ಲ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.  ಆಮೇಲೆ ಕೈ ಮುಂದೆ ಚಾಚಿದಳು.

“ನೀವು ಬನ್ನಿ ಒಳಗೆ. ಇದನ್ನ ಹಿಡ್ಕೊಳ್ಳಿ. ಹಗ್ಗ ನನಗೆ ಕೊಡಿ, ನಾನು ಆಚೆ ಬರ್ತೀನಿ.”

“ಬರಿಗೈಯವ್ರು ಮುಟ್ಟಬಾರ್ದು ತಂಗಿ.”

“ಯಾರ್ ನೋಡ್ತಾರೆ?”

ನಾನು ಸುತ್ತ ನೋಡಿದೆ. ಯಾರೂ ಇರಲಿಲ್ಲ. ಹಗ್ಗದ ತುದಿ ಅವಳ ಕೈಗೆ ಹೋಯಿತು, ನನ್ನ ಹೆಜ್ಜೆ ಒಳಗೆ ಹೋಯಿತು, ಹೇಗೆ ಎಂದು ಕೇಳಿದರೆ ಹೇಳಲಾರೆ. ಅವಳು ಕಲ್ಲು ದಾಟಿ ಈಚೆ ನಿಂತು ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡಳು. ಗಾಯವಾಗದ ನನ್ನ ಎಡಗೈಯಲ್ಲಿ ಆ ಕಾಳು ಇತ್ತು, ಅವಳ ಬಾಯಿಯ ಬಿಸಿ ಇನ್ನೂ ಆರಿರಲಿಲ್ಲ. ಇಷ್ಟು ವರ್ಷ ಬಂದವರ ಕೈಯಲ್ಲಿ ನೋಡಿದ್ದನ್ನು ನನ್ನ ಕೈಯಲ್ಲಿ ಇಟ್ಟುಕೊಂಡದ್ದು ಅದೇ ಮೊದಲು. ಎದುರಿಗೆ ಕಲ್ಲಿತ್ತು, ಹುಲ್ಲಿತ್ತು, ಇಳಿಬಿಸಿಲಿತ್ತು. ಅವುಗಳ ಆಚೆ ನನಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ.

ಕೆಳಗೆ ಜೀಪಿನ ಹಾರ್ನು ಕೇಳಿಸಿತು. ನಿಂತಿತು, ಮತ್ತೆ ಕೇಳಿಸಿತು.

“ಸಾಕಾ ಅಕ್ಕಾ?” ಎಂದಳು ಮಂದಾಕಿನಿ.

“ಇನ್ನೊಂದೀಟ ತಡಿ,” ಎಂದೆ.